ಬಲಗಡೆಯ ಬಲ್ಬು

ಫ್ಯೂಸಣ್ಣನ ಸಾಮ್ರಾಜ್ಯ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಮೇಲೆ ತಗಡು, ಮುಂದೆ ಎರಡು ಕಾರು ನಿಲ್ಲುವಷ್ಟು ಅಂಗಳ, ಒಳಗೆ ಯಾವುದೋ ಕಾಲವಾದ ಕಾರಿನಿಂದ ಕಿತ್ತು ತಂದ ಡ್ರೈವರ್ ಸೀಟಿನ ಸಿಂಹಾಸನ. ರಾಜದಂಡವೆಂದರೆ ಟೆಸ್ಟ್ ಲ್ಯಾಂಪು: ಒಂದು ತುದಿಗೆ ಸೂಜಿ, ಇನ್ನೊಂದು ತುದಿಗೆ ಕ್ಲಿಪ್ಪು, ನಡುವೆ ಪುಟ್ಟ ಬಲ್ಬು. ಅದನ್ನು ಹಿಡಿದು ಬಾನೆಟ್ಟಿನೊಳಗೆ ತಲೆ ಹಾಕಿದನೆಂದರೆ ಕಾರಿನ ಯಜಮಾನ ಎಂಥ ದೊಡ್ಡ ಮನುಷ್ಯನಾದರೂ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಮಾತಾಡಿದರೆ ಇವನ ಫ್ಯೂಸು ಹಾರುತ್ತದೆ. ಹೆಸರು ಬಂದದ್ದೇ ಹಾಗೆ. ಹಾರಿದರೆ ಐದು ನಿಮಿಷ ಕತ್ತಲೆ. ಆಮೇಲೆ ತಾನಾಗಿಯೇ ಬೆಳಕು ಬರುತ್ತದೆ, ಗಿರಾಕಿಗೆ ಟೀ ಕೂಡ ಬರುತ್ತದೆ.

ಈ ಸಾಮ್ರಾಜ್ಯಕ್ಕೆ ಒಂದೇ ಶಾಸನ: ಎರಡು ವೈರು ಸೇರುವ ಕಡೆ ಬೆಸುಗೆ ಬೀಳಲೇಬೇಕು. ವೈರು ತಿರುಚಿ ಟೇಪು ಸುತ್ತಿ ಕಳಿಸುವವರನ್ನು ಅವನು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಂಥ ಟೇಪು ಕಣ್ಣಿಗೆ ಬಿದ್ದರೆ ಸತ್ತ ಹಲ್ಲಿಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿ ಗಿರಾಕಿಗೆ ತೋರಿಸಿ ಕಾಲು ಗಂಟೆ ಉಪನ್ಯಾಸ ಕೊಡುತ್ತಿದ್ದ. ಗೋಡೆಯ ಆಚೆ ಅವನ ಹೆಂಡತಿ ಕಾರಿನ ಸೀಟುಗಳಿಗೆ ಕವರು ಹೊಲಿಯುತ್ತಾಳೆ. ಉಪನ್ಯಾಸ ಶುರುವಾದ ಕೂಡಲೇ ಅವಳು ಹೊಲಿಗೆ ಮಿಷನ್ನನ್ನು ಜೋರಾಗಿ ತುಳಿಯುತ್ತಿದ್ದಳು. ಅವನ ಬೋಧನೆಯಿಂದ ಲೋಕ ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ಅವಳ ಆರ್ಡರುಗಳು ಮಾತ್ರ ಯಾವತ್ತೂ ತಡವಾಗಲಿಲ್ಲ.

ಅಂಥವನು ಒಂದು ಬುಧವಾರ ತಾನೇ ವೈರು ತಿರುಚಿ ಟೇಪು ಸುತ್ತಿದ.

ಬಂದಿದ್ದವಳು ಆಸ್ಪತ್ರೆಯ ನರ್ಸು, ಹತ್ತು ವರ್ಷದ ಗಿರಾಕಿ. ಅವಳ ಸಣ್ಣ ಕಾರಿನ ಬಲಗಡೆಯ ಬ್ರೇಕ್ ಲೈಟು ಉರಿಯುತ್ತಿರಲಿಲ್ಲ. ಹಿಂಬದಿಯ ಮುಚ್ಚಳ ಎತ್ತಿ ನೋಡಿದರೆ ಇಲಿ ವೈರು ಕಡಿದಿತ್ತು. ಕಡಿದ ತುಂಡನ್ನು ಕತ್ತರಿಸಿ ತೆಗೆದು ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡರೆ ಕರೆಂಟೇ ಇಲ್ಲ. ಇಡೀ ಬೀದಿಗೆ ಹೋಗಿತ್ತು. ಕರೆಂಟಿನ ಚಕ್ರವರ್ತಿ ಕರೆಂಟಿಗಾಗಿ ಹತ್ತು ನಿಮಿಷ ಕಾದು ಕೂತ. ನರ್ಸು ಗಡಿಯಾರ ನೋಡುತ್ತಲೇ ಇದ್ದಳು. ಇವಳು ಹೋಗುವ ತನಕ ವಾರ್ಡಿನಲ್ಲಿದ್ದ ಇನ್ನೊಬ್ಬಳು ಮನೆಗೆ ಹೊರಡುವಂತಿರಲಿಲ್ಲ. ಕೊನೆಗೆ ಅವನು ವೈರು ತಿರುಚಿ, ಟೇಪು ಸುತ್ತಿ, ಬ್ರೇಕ್ ಒತ್ತಿಸಿ, ಬಲ್ಬು ಉರಿದದ್ದನ್ನು ನೋಡಿ, ಭಾನುವಾರ ಬಂದರೆ ಬೆಸುಗೆ ಹಾಕಿಕೊಡುತ್ತೇನೆಂದು ಹೇಳಿ ಕಳಿಸಿದ. ಗೋಡೆಯಾಚೆ ಮಿಷನ್ನು ನಿಂತಿತ್ತು.

ಭಾನುವಾರ ನರ್ಸಿಗೆ ಡ್ಯೂಟಿ ಬಿತ್ತು, ಬರಲಿಲ್ಲ. ಅವನೂ ಫೋನು ಮಾಡಲಿಲ್ಲ.

ಮರುವಾರ ಹಾಡಹಗಲಿನಲ್ಲಿ, ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ ನರ್ಸು ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿದಳು. ಹಿಂದಿದ್ದ ಬ್ರೆಡ್ಡಿನ ವ್ಯಾನು ಒತ್ತಲಿಲ್ಲ. ಅದು ಗುದ್ದಿದ ರಭಸಕ್ಕೆ ಕಾರು ಮುಂದಿನ ಲಾರಿಗೂ ಹೊಡೆಯಿತು. ನರ್ಸಿಗೆ ಹಣೆಯ ಮೇಲೆ ಗಾಯ. ಹಿಂದಿನ ಸೀಟಿನಲ್ಲಿದ್ದ ತಾಯಿಗೆ ಸೊಂಟದ ಮೂಳೆ ಮುರಿಯಿತು.

ಅಂಥ ಸ್ಥಿತಿಯಲ್ಲೂ ನರ್ಸು ಹಟ ಹಿಡಿದು ಕಾರನ್ನು ಫ್ಯೂಸಣ್ಣನ ಅಂಗಳಕ್ಕೇ ಎಳೆಸಿ ತಂದಳು. ಬೇರೆ ಯಾರಾದರೂ ವೈರು ಮುಟ್ಟಿದರೆ ಅಣ್ಣ ಬೈಯುತ್ತಾರೆ ಎಂಬ ಭಯ ಅವಳಿಗೆ. ಬ್ಯಾಟರಿ ಜೋಡಿಸಿದ ಕೂಡಲೇ ಕಾರಿಗೆ ಹುಚ್ಚು ಹಿಡಿಯಿತು. ಹಾರ್ನು ತಾನಾಗಿ ಕೂಗಿತು, ವೈಪರ್ ಬಿಸಿಲಿನಲ್ಲಿ ಗಾಜು ಒರೆಸಿತು. ಫ್ಯೂಸಣ್ಣ ಮೂರು ದಿನ ಬಾನೆಟ್ಟಿನ ಮೇಲೆ ದಂಡಯಾತ್ರೆ ನಡೆಸಿದ. ಹಾರ್ನಿನ ಬಾಯಿ ಮುಚ್ಚಿಸಿದ, ವೈಪರನ್ನು ಮಲಗಿಸಿದ, ಯಾರೂ ಕೇಳದ ಗಡಿಯಾರದ ಲೈಟನ್ನೂ ಸರಿಮಾಡಿದ. ಕಾರಿನ ಹಿಂಭಾಗಕ್ಕೆ ಮಾತ್ರ ಹೋಗಲಿಲ್ಲ.

ನಾಲ್ಕನೆಯ ದಿನ ನರ್ಸು ಹಣೆಗೆ ಪಟ್ಟಿ ಕಟ್ಟಿಕೊಂಡು ಬಂದಳು. ಮುಂದಿನ ಕಾರಿನ ಒಂದು ಬ್ರೇಕ್ ಲೈಟೂ ಉರಿಯಲಿಲ್ಲ ಎಂದು ವ್ಯಾನಿನ ಡ್ರೈವರು ಬರೆದುಕೊಟ್ಟಿದ್ದನಂತೆ. ಅದು ನಿಜವಾದರೆ ಅರ್ಧ ತಪ್ಪು ಇವಳದೇ ಆಗುತ್ತದೆ. ಕಾರಿನದಿರಲಿ, ತಾಯಿಯ ಆಪರೇಷನ್ನಿನ ಕ್ಲೇಮೂ ಅರ್ಧಕ್ಕೆ ಇಳಿಯುತ್ತದೆ. ವ್ಯಾನಿನ ಇನ್ಶೂರೆನ್ಸಿನವರ ಸರ್ವೇಯರು ಶುಕ್ರವಾರ ಬರುತ್ತಾನೆ.

"ಅಣ್ಣ, ಲೈಟು ರಿಪೇರಿ ಮಾಡಿದ್ದು ನೀವೇ. ಉರೀತಿತ್ತು ಅಂತ ನೀವು ಒಂದು ಮಾತು ಹೇಳಿದ್ರೆ ಸಾಕು," ಎಂದಳು.

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ.

ಅವಳು ಹೋದ ಮೇಲೆ ಹೆಂಡತಿ ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡೇ ಹೊರಗೆ ಬಂದಳು.

"ಮೂರು ದಿನದಿಂದ ಹಾರ್ನಿಗೆ ಸೇವೆ ನಡೀತಿದೆ. ಹಿಂದೆ ಹೋಗಿ ನೋಡ್ಬಾರ್ದೇನ್ರೀ?"

"ಅಲ್ಲೇನಿದೆ ನೋಡೋಕೆ?"

"ಏನಿದೆ ಅಂತ ಗೊತ್ತಿರೋದಕ್ಕೇ ಅಲ್ವಾ ನೋಡ್ತಿಲ್ಲ."

ಫ್ಯೂಸು ಹಾರಲಿಲ್ಲ. ಅವನು ಸುಮ್ಮನೆ ಎದ್ದು, ಮಡಿಸಿದ ಕಾಗದದಂತಾಗಿದ್ದ ಹಿಂಬದಿಯ ಮುಚ್ಚಳವನ್ನು ಸಬ್ಬಲಿನಿಂದ ಎತ್ತಿದ. ಟೇಪು ಬಿಚ್ಚಿಕೊಂಡು ನೇತಾಡುತ್ತಿತ್ತು. ತಿರುಚಿದ್ದ ಎರಡು ತುದಿಗಳು ಬೇರೆ ಬೇರೆಯಾಗಿದ್ದವು.

ಗುದ್ದಿದ ಏಟಿಗೂ ಬಿಚ್ಚಿಕೊಂಡಿರಬಹುದು. ಅದಕ್ಕೂ ಮೊದಲೇ ಬಿಚ್ಚಿಕೊಂಡಿರಬಹುದು. ವೈರು ಬಾಯಿ ಬಿಡುವುದಿಲ್ಲ, ಆದರೆ ಬಲ್ಬು ಬಿಡುತ್ತದೆ. ಉರಿಯುತ್ತಿರುವ ಬಲ್ಬಿನ ಒಳಗಿನ ಎಳೆ ಕಾದು ಮೆತ್ತಗಾಗಿರುತ್ತದೆ. ಆ ಗಳಿಗೆಯಲ್ಲಿ ಏಟು ಬಿದ್ದರೆ ಎಳೆದುಕೊಂಡು ಜೋತುಬೀಳುತ್ತದೆ. ಆರಿರುವ ಬಲ್ಬಿನ ಎಳೆ ಬಿರುಸಾಗಿರುತ್ತದೆ. ತುಂಡಾದರೂ ಆದೀತು, ಜೋಲುವುದಿಲ್ಲ. ಇದನ್ನು ಅವನು ಬೇರೆಯವರ ಕಾರುಗಳಲ್ಲಿ ಎಷ್ಟೋ ಸಲ ನೋಡಿ ಸಾಕ್ಷಿ ಹೇಳಿದ್ದ, ಮೀಸೆ ತಿರುವಿದ್ದ.

ಎಡಗಡೆಯ ಬಲ್ಬು ತೆಗೆದು ಬೆಳಕಿಗೆ ಹಿಡಿದ. ಎಳೆ ಜೋತುಬಿದ್ದಿತ್ತು. ಉರಿದಿತ್ತು.

ಬಲಗಡೆಯದನ್ನು ತೆಗೆದ. ಎಳೆಯ ಸುರುಳಿ ಅಂಗಡಿಯಿಂದ ತಂದ ದಿನದಂತೆ ನೆಟ್ಟಗಿತ್ತು.

ಕಣ್ಣಿನ ಮೇಲಿನ ನಂಬಿಕೆ ಹೋಗಿ ಹೆಂಡತಿಗೆ ಕೊಟ್ಟ. ಅವಳು ಕನ್ನಡಕ ಏರಿಸಿ ಎರಡನ್ನೂ ತುಂಬಾ ಹೊತ್ತು ನೋಡಿದಳು. ಸೂಜಿಗೆ ದಾರ ಪೋಣಿಸುವವಳ ಕಣ್ಣು ಅದು.

"ಆ ಹುಡುಗಿಗೆ ಮೊದಲು ಹೇಳಿ," ಎಂದು ಬಲ್ಬುಗಳನ್ನು ಅವನ ಅಂಗೈಯಲ್ಲಿಟ್ಟು ಒಳಗೆ ಹೋದಳು. ಅವತ್ತು ಮಿಷನ್ನಿನ ಸದ್ದು ಕೇಳಲಿಲ್ಲ.

ನರ್ಸಿಗೆ ಅವನು ಎಲ್ಲವನ್ನೂ ಹೇಳಿದ: ಹೋದ ಕರೆಂಟು, ತಿರುಚಿದ ವೈರು, ಮಾಡದ ಫೋನು. ಅವಳು ಎಡಗಡೆಯ ಬಲ್ಬನ್ನು ನೋಡಲೇ ಇಲ್ಲ. ಬಲಗಡೆಯದನ್ನು ಬೆರಳುಗಳ ನಡುವೆ ಹೊರಳಿಸುತ್ತಾ, ಇದು ಕಳೆದುಹೋದರೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗುವುದಿಲ್ಲ, ಏಟಿಗೆ ಬಿಚ್ಚಿಕೊಂಡಿತು ಎಂದರೆ ಯಾರೂ ಅಲ್ಲವೆನ್ನಲಾರರು ಎಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವಳು ಬಲ್ಬನ್ನು ಮೇಜಿನ ಮೇಲಿಟ್ಟು, ತಾಯಿಗೆ ಇನ್ನೂ ಎರಡು ತಿಂಗಳು ಆರೈಕೆ ಬೇಕು ಎಂದಷ್ಟೇ ಹೇಳಿ ಹೋದಳು.

ಶುಕ್ರವಾರ ಬೆಳಗ್ಗೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ಮತ್ತೆ ಬಂದಳು. ಒಳಗೂ ಕಾಲಿಡಲಿಲ್ಲ.

"ವಾರ್ಡಲ್ಲಿ ಯಾರಾದ್ರೂ ತಪ್ಪು ಔಷಧಿ ಕೊಟ್ರೆ ಆ ಗಳಿಗೇಲೇ ಪುಸ್ತಕದಲ್ಲಿ ಬರೀಬೇಕು ಅಣ್ಣ. ಬರೀದೇ ಇದ್ದೋರನ್ನ ಬೈದು ಅಳೋ ಹಾಗೆ ಮಾಡೋಳು ನಾನೇ. ಎರಡೂ ಬಲ್ಬು ತೋರ್ಸಿ."

"ಕ್ಲೇಮು ಕಡಿಮೆ ಆಗುತ್ತಮ್ಮ."

"ಗೊತ್ತು. ನಾನೇನು ಖುಷಿಯಿಂದ ಹೇಳ್ತಿಲ್ಲ."

ಸರ್ವೇಯರು ಮಧ್ಯಾಹ್ನ ಬಂದ. ತೆಳ್ಳಗಿನ ಯುವಕ, ತಲೆಗಿಂತ ದೊಡ್ಡ ಹೆಲ್ಮೆಟ್ಟು. ಅವತ್ತಿಗೆ ಅದು ಅವನ ಆರನೆಯ ಕಾರು, ಊಟ ಇನ್ನೂ ಆಗಿರಲಿಲ್ಲ. ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ ಫೋಟೋ ತೆಗೆದ, ಬಿಚ್ಚಿದ ವೈರನ್ನು ಪೆನ್ನಿನ ತುದಿಯಿಂದ ಸರಿಸಿ ನೋಡಿದ.

"ಇದು ಗುದ್ದಿದ ಏಟಿಗೆ ಬಿಚ್ಚಿಕೊಂಡಿದೆ. ಅಲ್ವಾ ಯಜಮಾನ್ರೇ?" ಎಂದು ಉತ್ತರಕ್ಕೂ ಕಾಯದೆ ಬರೆಯತೊಡಗಿದ.

ಒಂದು 'ಹೂಂ' ಸಾಕಿತ್ತು. ಅದನ್ನೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಸುಮ್ಮನಿದ್ದರೂ ನಡೆಯುತ್ತಿತ್ತು. ಮೂವತ್ತು ವರ್ಷ ಟೇಪಿನ ವಿರುದ್ಧ ಯುದ್ಧ ಸಾರಿದ್ದ ವೀರ ಅಂಗಳದ ನಡುವೆ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ.

"ಅಲ್ಲ ಸಾರ್. ಮೊದಲೇ ಬಿಚ್ಚಿತ್ತು. ಜಾಯಿಂಟು ನಂದೇ," ಎಂದು ಎರಡು ಬಲ್ಬನ್ನೂ ಕಾರಿನ ನೆತ್ತಿಯ ಮೇಲಿಟ್ಟ.

ಸರ್ವೇಯರಿಗೆ ಬಲ್ಬಿನ ವಿದ್ಯೆ ಗೊತ್ತಿರಲಿಲ್ಲ. ಫ್ಯೂಸಣ್ಣ ವಿವರಿಸಿದ. ಜೀವಮಾನದಲ್ಲೇ ಚಿಕ್ಕ ಉಪನ್ಯಾಸ ಅದು, ಎರಡು ನಿಮಿಷ. ಹುಡುಗ ಹಸಿವು ಮರೆತು ಬಲ್ಬುಗಳಿಗೆ ಮತ್ತಷ್ಟು ಫೋಟೋ ತೆಗೆದ. ಆಮೇಲೆ ಫ್ಯೂಸಣ್ಣ ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದು ಸಹಿ ಹಾಕಿದ: ಗುದ್ದಿದಾಗ ಎಡಗಡೆಯ ಬಲ್ಬು ಉರಿಯುತ್ತಿತ್ತು, ಬಲಗಡೆಯದು ಉರಿಯುತ್ತಿರಲಿಲ್ಲ, ಕಾರಣ ನಾನು ಬೆಸುಗೆ ಹಾಕದೆ ಬಿಟ್ಟ ಜಾಯಿಂಟು.

ಮೂರು ವಾರಕ್ಕೆ ಕಂಪನಿಯ ಉತ್ತರ ಬಂತು. ಒಂದು ಲೈಟು ಉರಿದಿದ್ದರಿಂದ ವ್ಯಾನಿನ ಡ್ರೈವರನ ಹೇಳಿಕೆ ಬಿದ್ದುಹೋಯಿತು. ಒಂದು ಉರಿಯದಿದ್ದುದರಿಂದ ಕ್ಲೇಮಿನಲ್ಲಿ ಐದರಲ್ಲೊಂದು ಪಾಲು ಕಡಿತವಾಯಿತು. ಆ ಪಾಲನ್ನು ತಾನು ಕೊಡುತ್ತೇನೆಂದು ಫ್ಯೂಸಣ್ಣ ಹಟ ಹಿಡಿದ. ನರ್ಸು ಕಾರಿನ ರಿಪೇರಿ ಕೂಲಿಯಲ್ಲಿ ಮುರಿದುಕೊಳ್ಳಲು ಮಾತ್ರ ಒಪ್ಪಿದಳು.

ಆದರೆ ಕಂಪನಿಗೆ ಬರೆದದ್ದನ್ನು ಅವನು ನರ್ಸಿನ ತಾಯಿಗೆ ಹೇಳಿರಲಿಲ್ಲ. ಅದನ್ನು ಮಗಳ ಕೈಯಲ್ಲಿ ಹೇಳಿಸಲು ಮನಸ್ಸಾಗಲಿಲ್ಲ. ಒಂದು ಸಂಜೆ ಕೈಯ ಮಸಿ ಹೋಗುವ ತನಕ ತಿಕ್ಕಿ ತೊಳೆದುಕೊಂಡು, ಹೆಂಡತಿಯ ಜೊತೆ ಅವರ ಮನೆಗೆ ಹೋದ. ಮುದುಕಿ ಕಿಟಕಿಯ ಎದುರಿನ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರು. ಅವನು ನಿಂತೇ ಹೇಳಿದ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಅದೂ ಉರಿದಿದ್ರೆ ಆ ವ್ಯಾನಿನವನು ನಿಲ್ಲಿಸ್ತಿದ್ನೇನಪ್ಪಾ?"

"ಗೊತ್ತಿಲ್ಲಮ್ಮ."

"ನಿನಗೂ ಗೊತ್ತಿಲ್ದೇ ಇರೋದು ಒಂದಿದೆ ಅನ್ನು." ಅವರು ನಗಲಿಲ್ಲ. ಸ್ವಲ್ಪ ಹೊತ್ತು ಅವನ ತೊಳೆದ ಕೈಗಳನ್ನೇ ನೋಡಿದರು. "ನಂಗೂ ಗೊತ್ತಿಲ್ಲ. ದಿನಾ ಮಲಗಿಕೊಂಡು ಅದನ್ನೇ ಯೋಚ್ನೆ ಮಾಡ್ತೀನಿ. ಇನ್ನು ಮೇಲೆ ನೀನೂ ಮಾಡು."

ಆಗ ನರ್ಸು ಗಡಿಯಾರ ನೋಡಿ, ನಡೆಯುವ ಹೊತ್ತಾಯಿತು ಎಂದಳು. ಮುದುಕಿ ವಾಕರು ಹಿಡಿದು ಎದ್ದರು. ಫ್ಯೂಸಣ್ಣ ಕೈಕೊಡಲು ಮುಂದಾದ. ಮುಟ್ಟಬೇಡಿ ಎಂದು ನರ್ಸು ಕಣ್ಣಲ್ಲೇ ತಡೆದಳು. ಮಂಚದಿಂದ ಕಿಟಕಿಗೆ ಹನ್ನೊಂದು ಹೆಜ್ಜೆ. ಐದನೆಯದಕ್ಕೆ ಅವರು ನಿಂತು ಉಸಿರು ಎಳೆದುಕೊಂಡರು, ಎಂಟನೆಯದಕ್ಕೆ ಮತ್ತೊಮ್ಮೆ. ಫ್ಯೂಸಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವರು ಕಿಟಕಿಯ ಸರಳು ಹಿಡಿಯುವ ತನಕ ಒಂದೊಂದು ಹೆಜ್ಜೆಯನ್ನೂ ನೋಡುತ್ತಾ ನಿಂತ.