ಅಕ್ರೋಟು ಮರದ ಹಲಗೆ

ನಮ್ಮಪ್ಪನ ಹತ್ತಿರ ಒಂದು ಸ್ಪೋರ್ಟ್ಸ್ ಕಾರಿದೆ ಎಂದರೆ ನಮ್ಮ ಆಫೀಸಿನಲ್ಲಿ ಯಾರೂ ನಂಬುವುದಿಲ್ಲ. ಹೊಣಕೆರೆ ಕಡೆಯ ಬಡಗಿ ಎಲ್ಲಿ, ಇಂಗ್ಲೆಂಡಿನಲ್ಲಿ ತಯಾರಾದ, ಬಟ್ಟೆಯ ಚಾವಣಿಯ, ಎರಡೇ ಸೀಟಿನ ಕಾರು ಎಲ್ಲಿ! ಆದರೆ ಇದೆ. ಶ್ರೀರಂಗಪಟ್ಟಣದ ಹತ್ತಿರ ತೋಟ ಮಾಡಿಕೊಂಡಿದ್ದ ನಿವೃತ್ತ ಎಂಜಿನಿಯರೊಬ್ಬರ ಮನೆಗೆ ಅಪ್ಪ ವರ್ಷಗಟ್ಟಲೆ ಮರಗೆಲಸ ಮಾಡಿದ್ದ. ಅವರು ಊರು ಬಿಡುವಾಗ, "ಇದರ ಬೆಲೆ ಗೊತ್ತಿರೋನು ನೀನೊಬ್ಬನೇ, ಇಟ್ಕೋ" ಎಂದು ಬೀಗದ ಕೈ ಕೊಟ್ಟು ಹೋದರು.

ಬೆಲೆ ಗೊತ್ತಿದ್ದವನು ಮಾಡಿದ್ದೇನು? ಪಕ್ಕದ ಸೀಟು ಕಿತ್ತು ಅಟ್ಟಕ್ಕೆ ಹಾಕಿದ. ಆ ಜಾಗದಲ್ಲಿ ಬಾಗಿಲಿನ ಚೌಕಟ್ಟು ನಿಲ್ಲಿಸಿಕೊಂಡು ನಾಗಮಂಗಲದಿಂದ ಕಿಕ್ಕೇರಿಯವರೆಗೆ ಓಡಾಡಿದ. ಚಿಕ್ಕಂದಿನಲ್ಲಿ ನಾನು ಆ ಚೌಕಟ್ಟಿನೊಳಗೇ ಮಣೆ ಹಾಕಿಕೊಂಡು ಕೂರುತ್ತಿದ್ದೆ. ಎದುರಿಗೆ ಬಂದವರಿಗೆ ಹೊಸಿಲ ಮೇಲೆ ಕೂತ ಹುಡುಗಿಯೊಬ್ಬಳು ಬಾಗಿಲ ಸಮೇತ ಹೊರಟಂತೆ ಕಾಣುತ್ತಿತ್ತಂತೆ. ಮೀಟರುಗಳನ್ನು ಕೂರಿಸಿದ್ದ ಮುಂದಿನ ಮರದ ಹಲಗೆ ಮಳೆಗೆ ಸಿಕ್ಕಿ ಡೊಂಕಾಗಿ ಸೀಳು ಬಿಟ್ಟಾಗ, ಅದನ್ನು ತೆಗೆದೆಸೆದು ಒಂದು ಮಾವಿನ ಹಲಗೆಗೆ ತೂತು ಕೊರೆದು ಮೊಳೆ ಹೊಡೆದ. ಕೊನೆಗೆ ಎಂಜಿನ್ನು ಸತ್ತಿತು. ಕಾರು ಅಪ್ಪನ ಕೆಲಸದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿತು.

ಹೋದ ಯುಗಾದಿಯ ಹೊತ್ತಿಗೆ ಅಪ್ಪನ ಎಡಗಣ್ಣು ಪೂರ್ತಿ ಹೋಗಿತ್ತು. ಕಣ್ಣಿನೊಳಗಿನ ಒತ್ತಡ ನರವನ್ನು ತಿಂದಿದೆ, ಬಲಗಣ್ಣೂ ಬಹಳ ದಿನ ಉಳಿಯುವುದಿಲ್ಲ ಎಂದರು ಮೈಸೂರಿನ ಡಾಕ್ಟರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಪಾಂಡವಪುರ ದಾಟಿದ ಮೇಲೆ ಅಪ್ಪ ಹೇಳಿದ್ದು ಇದು:

"ಆ ಕಾರ್‍ನ ಒಳಗಡೆ ಒಂದ ಸರಿ ಮಾಡ್ಸವ್ವ. ಇಂಜಿನ್ ಬ್ಯಾಡ. ಮೊದಲ್ನೇ ದಿನ ಬಾಗಿಲು ತಗುದ್ರೆ ರಾಣಿ ಅರಮನೆ ಇದ್ದಂಗಿತ್ತು. ನಾನು ಅದ ಎತ್ತಿನ ಗಾಡಿ ಮಾಡ್ಬುಟ್ಟೆ. ಕಣ್ ಮುಚ್ಚೋಗೋದ್ರೊಳಗೆ ಅಂಗೇ ಒಂದ್ಸಲ ನೋಡ್ಬುಡ್ಬೇಕು."

ಮೂವತ್ತು ವರ್ಷದಲ್ಲಿ ಅಪ್ಪ ನನ್ನನ್ನು ಕೇಳಿದ ಮೊದಲ ವಸ್ತು. ಆಯಿತು ಎಂದೆ. ಎಂಥ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದೇನೆ ಎಂದು ಆಗ ಗೊತ್ತಿರಲಿಲ್ಲ.

ಅಟ್ಟದ ಮೇಲಿನ ಸೀಟಿನಲ್ಲಿ ಇಲಿ ಗೂಡು ಕಟ್ಟಿದ್ದರೂ ಮೂಲ ಲಕ್ಷಣವೆಲ್ಲ ಇತ್ತು: ಕೆಂಪು ಚರ್ಮ, ಒಳಗೆ ನಾರು, ಅದರ ಕೆಳಗೆ ಸ್ಪ್ರಿಂಗು. ಎರಡು ಸೀಟನ್ನೂ ಪಾಂಡವಪುರದಲ್ಲಿ ಟ್ರಾಕ್ಟರು, ಆಟೋಗಳಿಗೆ ಸೀಟು ಹೊಲಿಯುವವನ ಹತ್ತಿರ ಒಯ್ದೆ. ಅವನು ಸೀಟು ನೋಡಲಿಲ್ಲ, ನನ್ನ ಬೆನ್ನ ಹಿಂದೆ ನೋಡಿದ.

"ಯಜಮಾನ್ರು ಬರ್ನಿಲ್ವಾ ಮೇಡಂ?"

ನಮ್ಮ ಯಜಮಾನರಿಗೆ ಸ್ಕೂಟರಿಗೆ ಗಾಳಿ ಹೊಡೆಸುವುದಕ್ಕೂ ನಾನೇ ಬೇಕು. ಅದನ್ನೆಲ್ಲ ಇವನಿಗೆ ಏಕೆ ಹೇಳಲಿ? ಹಳೆಯದು ಹೇಗಿದೆಯೋ ಹಾಗೇ ಇರಬೇಕು, ಒಂದು ಹೊಲಿಗೆ ಆಚೀಚೆ ಆಗಬಾರದು ಎಂದು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದ. ಮೂರು ವಾರ ಬಿಟ್ಟು ಹೋದರೆ, ಗಣೇಶನನ್ನು ಮಾಡು ಎಂದದ್ದಕ್ಕೆ ಅವರಪ್ಪನನ್ನು ಮಾಡಿಟ್ಟಿದ್ದ. ಉಬ್ಬಿದ ಫೋಮು, ಹೊಳೆಯುವ ರೆಕ್ಸಿನ್ನು, ಸುತ್ತ ಹಳದಿ ಅಂಚು, ಬೆನ್ನಿನ ಜಾಗದಲ್ಲಿ ಒಂದು ಕಮಲ.

"ಕಮಲಕ್ಕೆ ಬೇರೆ ಚಾರ್ಜ್ ಇಲ್ಲ ಮೇಡಂ, ನನ್ ಕಡೆಯಿಂದ" ಎಂದ.

ಹಳೆಯ ಸ್ಪ್ರಿಂಗು, ನಾರು ಎಲ್ಲಿ ಎಂದೆ. ಅಂಗಡಿಯ ಹಿಂದಿನ ಕಸ ತೋರಿಸಿದ. ಇಸ್ತ್ರಿ ಮಾಡಿದ ಸೀರೆಯುಟ್ಟು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತು ಹಾಕಿಕೊಂಡು, ಆ ತಿಪ್ಪೆಯಿಂದ ಸ್ಪ್ರಿಂಗುಗಳನ್ನು ಒಂದೊಂದಾಗಿ ಹೆಕ್ಕಿದೆ. ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಪಂಕ್ಚರ್ ಅಂಗಡಿಯವನು ಕೆಲಸ ನಿಲ್ಲಿಸಿ ಕೇಳಿಸಿಕೊಂಡ ಎಂದರೆ ಸಾಕು.

ಕಡೆಗೆ ಸರಿಯಾದ ಕೈ ಸಿಕ್ಕಿದ್ದು ಶ್ರೀರಂಗಪಟ್ಟಣದಲ್ಲಿ. ಒಂದು ಕಾಲದಲ್ಲಿ ಟಾಂಗಾಗಳಿಗೆ ಸೀಟು ತುಂಬುತ್ತಿದ್ದ ಸಾಬರು. ಸ್ಪ್ರಿಂಗನ್ನು ಅಂಗೈಯಲ್ಲಿ ಒತ್ತಿ ನೋಡಿ, "ಇದಕ್ಕೆ ಇನ್ನೂ ಜಾನ್ ಅದೆ ಬೇಟಿ, ಜಲ್ದಿ ಮಾತ್ರ ಮಾಡಬ್ಯಾಡಿ" ಎಂದರು. ಅವರು ಯಜಮಾನರನ್ನು ಕೇಳಲಿಲ್ಲ. ಅಷ್ಟಕ್ಕೇ ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಜಲ್ದಿ ನನಗೆ ಬೇಕಿತ್ತು. ಅವರಿಗೆ ಮಂಡಿ ನೋವು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕೂರಲಾರರು. ಎತ್ತು ಏರಿಗೆ, ಕೋಣ ನೀರಿಗೆ. ನಾನು ದಿನ ಎಣಿಸುತ್ತಿದ್ದೆ, ಅವರು ಹೊಲಿಗೆ ಎಣಿಸುತ್ತಿದ್ದರು. ಎರಡೂವರೆ ತಿಂಗಳಾಯಿತು. ಸೀಟು ಬಂದಾಗ ಬೈಯಲು ಒಂದು ತಪ್ಪೂ ಸಿಗಲಿಲ್ಲ, ಚರ್ಮದ ಬಣ್ಣ ಒಂದು ಚೂರು ಗಾಢ ಅನ್ನುವುದು ಬಿಟ್ಟರೆ.

ಉಳಿದದ್ದು ಆ ಮುಂದಿನ ಹಲಗೆ. ಮೊದಲಿದ್ದದ್ದು ಅಕ್ರೋಟು ಮರದ್ದು, ಜೇನಿನ ಬಣ್ಣ, ನೀರು ಸುಳಿ ತಿರುಗಿದ ಹಾಗೆ ಗೆರೆ ಎಂದು ಅಪ್ಪ ನೂರು ಸಲ ಹೇಳಿದ್ದ. ಕೆ.ಆರ್. ಪೇಟೆಯಲ್ಲಿ ಒಂದು ಮರದ ಅಂಗಡಿಯವನನ್ನು ವಿಚಾರಿಸಿದೆ.

"ಅಕ್ರೋಟಾ? ಕಿರಾಣಿ ಅಂಗ್ಡಿಲಿ ಕೇಳಕ್ಕ. ಡಬ್ಬದಲ್ಲಿ ಬತ್ತದೆ."

ತಮಾಷೆಗೆ ಹೇಳಿದ್ದಲ್ಲ. ಅದಕ್ಕೊಂದು ಮರ ಇರುತ್ತದೆ ಎಂದು ವಿವರಿಸುವಷ್ಟರಲ್ಲಿ ನನ್ನ ಮಧ್ಯಾಹ್ನದ ರಜೆ ಮುಗಿದಿತ್ತು. ಮೈಸೂರಿಗೆ ಫೋನು ಮಾಡಿದೆ, ಬೆಂಗಳೂರಿಗೆ ಮಾಡಿದೆ. ನೋಡ್ತೀವಿ ಎಂದವರು ನೋಡಲಿಲ್ಲ, ತರಿಸ್ತೀವಿ ಎಂದವರು ತರಿಸಲಿಲ್ಲ.

ಆ ನಡುವೆ ಒಂದು ಭಾನುವಾರ ಊರಿಗೆ ಹೋದಾಗ ಅಪ್ಪ ಜಗಲಿಯ ಅಂಚಿನಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಕೂತಿದ್ದ. ನೆತ್ತಿ ಸುಡುವ ಬಿಸಿಲು. "ಯಾಕವ್ವ, ಮೋಡ ಆಗದಾ?" ಎಂದ. ನಾನು ಹೂಂ ಎಂದುಬಿಟ್ಟೆ. ಬಲಗಣ್ಣು ಹೋಗಿತ್ತು.

ಮಾರನೆಯ ದಿನ ನಾನು ಸೋತೆ. ಕೆ.ಆರ್. ಪೇಟೆಯ ಅದೇ ಅಂಗಡಿಗೆ ಹೋಗಿ ಪ್ಲೈವುಡ್ಡು ಕೊಯ್ಯಿಸಿ, ಮೇಲೆ ಅಕ್ರೋಟಿನ ಗೆರೆ ಮುದ್ರಿಸಿದ ಹಾಳೆ ಅಂಟಿಸಿಕೊಂಡೆ. "ನೋಡ್ದೋರು ಯಾರೂ ಕಂಡಿಡಿಯಾಕಾಗಲ್ಲ ಕಣಕ್ಕ" ಎಂದ ಅವನು. ನೋಡುವವರೇ ಇಲ್ಲ ಎಂದುಕೊಂಡೆ. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಾಗಲಿಲ್ಲ, ಸಮಾಧಾನವಾಯಿತು. ಅಷ್ಟು ದಣಿದಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಎಲ್ಲ ಜೋಡಿಸಿ ಅಪ್ಪನನ್ನು ಕೈಹಿಡಿದು ಕೊಟ್ಟಿಗೆಗೆ ಕರೆತಂದೆ. ಒಳಗೆ ಕೂತ. ಸೀಟನ್ನು ಸವರಿದ, ಹೊಲಿಗೆಯ ಮೇಲೆ ಬೆರಳು ಓಡಿಸಿದ, ಮೂಸಿ ನೋಡಿದ. ಮುಖ ಅರಳಿತು. "ಅದೇ ಕಣವ್ವ, ಅದೇ ವಾಸ್ನೆ" ಎಂದ. ಆಮೇಲೆ ಕೈ ಮುಂದಕ್ಕೆ ಹೋಯಿತು.

"ಅಕ್ರೋಟಾ?"

"ಅಕ್ರೋಟೇ ಕಣಪ್ಪ. ಮೊದ್ಲು ಇದ್ದಂಗೇ ಅದೆ."

ಅಪ್ಪ ಬೆರಳ ಗೆಣ್ಣಿನಿಂದ ಒಮ್ಮೆ ಬಡಿದ. ಕಿವಿ ವಾಲಿಸಿ ಇನ್ನೊಮ್ಮೆ ಬಡಿದ. ಐವತ್ತು ವರ್ಷ, ಯಾವ ಮರವನ್ನೇ ಆಗಲಿ ಕೊಳ್ಳುವ ಮೊದಲು ಹೀಗೇ ಬಡಿದು ನೋಡಿದವನು. ಮೊಳೆ ಹೊಡೆಯುವುದನ್ನು ಕಲಿಯುವ ಮೊದಲೇ ಈ ಬಡಿತ ನನಗೂ ಕಲಿಸಿದ್ದ. ಅದು ಹೇಗೆ ಮರೆತುಹೋಯಿತೋ!

"ಕಣ್ ಕಾಣಾಕಿಲ್ಲ ಅಂತ ಇಂಗ್ ಮಾಡಿದ್ಯಾ ಮಗ?"

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ನನ್ನದಾದಾಗ ಏರುವ ಸಿಟ್ಟೇ ಹಾಗೆ. ಪಾಂಡವಪುರದ ಕಮಲ, ತಿಪ್ಪೆಯ ಸ್ಪ್ರಿಂಗು, ಕಿರಾಣಿ ಅಂಗಡಿಯ ಡಬ್ಬ, ಎಲ್ಲವನ್ನೂ ಕೂಗಿ ಹೇಳಿದೆ. ಹಾಳಾದ ಕಾರು, ಹಾಳಾದ ಹಲಗೆ, ನಾನೊಬ್ಬಳು ಎಷ್ಟು ಸಾಯಲಿ ಎಂದೆ. ಅಪ್ಪ ಸ್ಟೀರಿಂಗು ಹಿಡಿದುಕೊಂಡು ಪೂರ್ತಿ ಕೇಳಿದ.

"ನೀನು ಊರೂರು ಅಲ್ದಿದ್ದು ನಂಗೊತ್ತು" ಎಂದ. "ಹಲಗೆ ಸಿಗ್ನಿಲ್ಲ ಅಂದಿದ್ರೆ ಮುಗ್ದೋಗ್ತಿತ್ತು. ಇನ್ಮ್ಯಾಕೆ ನೀನು ಬಿಸ್ಲು ಅಂದ್ರೆ ಬಿಸ್ಲು, ಮೋಡ ಅಂದ್ರೆ ಮೋಡ ನಂಗೆ. ಅವತ್ತು ಮೋಡ ಅಂದೆ. ಬೆನ್ನು ಸುಡ್ತಿತ್ತು ಕಣವ್ವ."

ನಾನು ಸ್ಕ್ರೂಡ್ರೈವರು ತಂದು ಆ ಪ್ಲೈವುಡ್ಡನ್ನು ಬಿಚ್ಚಿದೆ. ಒಂದು ಸ್ಕ್ರೂ ಬಿದ್ದು ಎಲ್ಲೋ ಹೋಯಿತು. ಅಪ್ಪನ ಹಳೆಯ ಮಾವಿನ ಹಲಗೆ ಗೋಡೆಗೆ ಒರಗಿಸಿದಲ್ಲೇ ಇತ್ತು. ಅದನ್ನೇ ಮತ್ತೆ ಕೂರಿಸಿ ಪಕ್ಕದ ಸೀಟಿನಲ್ಲಿ ಕೂತೆ.

"ಈಗ ಯೋಳು. ಎಂಗದೆ?"

"ಮಾವಿನ ಹಲ್ಗೆ ಕಣಪ್ಪ. ಸೊಟ್ಟಗದೆ. ಎಡಗಡೆ ಹುಳ ತಿಂದದೆ. ಮೊಳೆಯೆಲ್ಲ ತುಕ್ಕು. ಸೀಟು ಚೆಂದಾಗದೆ, ಆದ್ರೆ ಕೆಂಪು ಅದೇ ಕೆಂಪಲ್ಲ, ಒಸಿ ಕಪ್ಪು ತಿರುಗದೆ."

ಅಪ್ಪ ಬೆನ್ನು ಒರಗಿಸಿ ಮುಂದಕ್ಕೆ ಮುಖ ಮಾಡಿದ.

"ಹ್ಞೂ, ಈಗ ಕಾಣ್ತದೆ ಬುಡು" ಎಂದ.