ಹೊಟ್ಟೆ ಮೇಡಂ ಮತ್ತು ಸೂಜಿಯ ಮೂರನೇ ಗೇಮ್

ನಮ್ಮ ಅತ್ತಿಗೆಗೆ ಹೊಟ್ಟೆ ಇದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಕೆಯನ್ನು ಮೊದಲ ಸಲ ಕಂಡವರೆಲ್ಲ ಅದನ್ನೇ ನೋಡುತ್ತಾರೆ, ಆಮೇಲೆ ಕ್ಲಬ್ಬಿನ ಗೋಡೆಯ ಮೇಲಿನ ಫಲಕ ನೋಡುತ್ತಾರೆ. ಫಲಕದಲ್ಲಿ ‘ಬ್ಯಾಡ್ಮಿಂಟನ್ ಆಡುವ ಹುಡುಗಿಯರಿಗೆ ಹೊಟ್ಟೆ, ಸೊಂಟ, ಬೆನ್ನಿನ ತರಬೇತಿ’ ಎಂದಿದೆ. ಎರಡನ್ನೂ ತಾಳೆ ಹಾಕಿ ಒಳಗೊಳಗೇ ನಗುತ್ತಾರೆ. ಅತ್ತಿಗೆಗೂ ಅದು ಗೊತ್ತು. “ನಗಲಿ ಬಿಡು, ನಗೋದಕ್ಕೂ ಹೊಟ್ಟೆ ಬೇಕು” ಅನ್ನುತ್ತಾಳೆ.

ನಾನು ಅದೇ ಕ್ಲಬ್ಬಿನ ಮೂಲೆಯಲ್ಲಿ ಕೂತು ರ‍್ಯಾಕೆಟ್ಟುಗಳಿಗೆ ತಂತಿ ಬಿಗಿಯುವವನು. ಎಡಗಡೆ ಶೌಚಾಲಯದ ಬಾಗಿಲು, ಬಲಗಡೆ ಕುಡಿಯುವ ನೀರಿನ ಯಂತ್ರ, ಎದುರಿಗೆ ನಾಲ್ಕು ಕೋರ್ಟು. ಇಂಥ ಜಾಗದಲ್ಲಿ ಕೂತವನಿಗೆ ಗೊತ್ತಾಗದ ಸುದ್ದಿಯೇ ಇರುವುದಿಲ್ಲ, ಬಾಯಿ ಮುಚ್ಚಿಕೊಂಡಿರುವ ಅಭ್ಯಾಸವೂ ಇರುವುದಿಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಅತ್ತಿಗೆಯನ್ನು ‘ಹೊಟ್ಟೆ ಮೇಡಂ’ ಎಂದೇ ಕರೆಯುವುದು. ಆ ಹೆಸರು ಇಟ್ಟವನು ನಾನೇ ಎಂದು ಕೆಲವರಿಗೆ ಗುಮಾನಿ. ಶುದ್ಧ ಸುಳ್ಳು. ಇಟ್ಟುಕೊಂಡವಳು ಅವಳೇ.

ಸಂಜೆ ಶಾಲೆ ಕಾಲೇಜು ಮುಗಿಸಿ ಹುಡುಗಿಯರು ಬರುತ್ತಿದ್ದ ಹಾಗೇ ಅತ್ತಿಗೆ ಕೊನೆಯ ಕೋರ್ಟಿನ ಪಕ್ಕ ಚಾಪೆ ಹಾಸುತ್ತಾಳೆ. ಅಂಗಾತ ಮಲಗಿ ಒಂದು ಕೈ, ಅದರ ವಿರುದ್ಧದ ಕಾಲು ಚಾಚುವ ಒಂದು ಕಸರತ್ತಿದೆ. ಅದಕ್ಕೆ ಹುಡುಗಿಯರು ‘ಸತ್ತ ಜಿರಳೆ’ ಎಂದು ಹೆಸರಿಟ್ಟಿದ್ದಾರೆ. ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಇದೆ. ಮರಳು ತುಂಬಿದ ಚೆಂಡನ್ನು ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದಿದೆ. ಆ ಗೋಡೆಯ ಸುಣ್ಣ ಉದುರಿ ನನ್ನ ಮೇಜಿನ ಮೇಲೆ ಬೀಳುವುದೂ ಇದೆ. ಪ್ಲ್ಯಾಂಕ್ ಹಿಡಿದಾಗ ಯಾರೂ ಸುಮ್ಮನಿರುವಂತಿಲ್ಲ. ಬೆಳಗ್ಗೆಯಿಂದ ಯಾರ ಜೊತೆ ಜಗಳವಾಯಿತು, ಯಾವ ಟೀಚರ್ ಏನೆಂದು ಬೈದರು, ಎಲ್ಲ ವರದಿ ಒಪ್ಪಿಸಬೇಕು. ಮಾತಾಡಿದರೆ ಉಸಿರು ಕಟ್ಟುವುದಿಲ್ಲ ಎಂಬುದು ಅತ್ತಿಗೆಯ ಲೆಕ್ಕ. ಊರಿನ ಅರ್ಧ ಸುದ್ದಿ ನನಗೆ ಸಿಗುವುದು ಆ ಪ್ಲ್ಯಾಂಕಿನಿಂದಲೇ.

ಹೊಸದಾಗಿ ಸೇರಿದವರಿಗೆ ಮೊದಲ ಪಾಠ ಮಾತ್ರ ಇದ್ಯಾವುದೂ ಅಲ್ಲ. ಹುಡುಗಿಯನ್ನು ಚಾಪೆಯ ಮೇಲೆ ಮಲಗಿಸಿ, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು, “ಹೊಟ್ಟೆ ಬಿಡು. ಉಸಿರು ಎಳ್ಕೊಂಡು ನನ್ನ ಕೈ ಮೇಲೆತ್ತು” ಅನ್ನುತ್ತಾಳೆ. ಇದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಆದರೆ ಆ ಹುಡುಗಿಯರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದೇ. ಹತ್ತು ಹನ್ನೆರಡು ವಯಸ್ಸಿಗೇ ಹೊಟ್ಟೆ ಒಳಗೆ ಎಳೆದು ನಡೆಯುವುದನ್ನು ಕಲಿತುಬಿಟ್ಟಿರುತ್ತಾರೆ. ಕಲಿಸಿದವರು ಯಾರು ಎಂದರೆ ಯಾರೂ ಅಲ್ಲ, ಎಲ್ಲರೂ. ಎಳೆದುಕೊಂಡ ಹೊಟ್ಟೆಗೆ ಉಸಿರು ಇಳಿಯುವುದಿಲ್ಲ, ಉಸಿರಿಲ್ಲದ ಹೊಟ್ಟೆಗೆ ಬಲವಿಲ್ಲ. “ಸ್ಮ್ಯಾಷ್ ಹುಟ್ಟೋದು ಪಾದದಲ್ಲಿ, ಮುಗಿಯೋದು ಕೈಯಲ್ಲಿ. ಮಧ್ಯದ ದಾರಿ ಹೊಟ್ಟೆ. ದಾರೀಲೇ ಸೋರಿ ಹೋದ್ರೆ ಕೈ ಬೀಸಿ ಏನು ಪ್ರಯೋಜನ” ಎನ್ನುವುದು ಅವಳು ದಿನಕ್ಕೊಮ್ಮೆಯಾದರೂ ಹೇಳುವ ಮಾತು. ನನಗೆ ಬಾಯಿಪಾಠವಾಗಿದೆ.

ಇದನ್ನು ಅವಳು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ, ಮೈಯಲ್ಲೇ ಅನುಭವಿಸಿದ್ದು. ಮದುವೆಯಾದ ಹೊಸದರಲ್ಲಿ ಡಬಲ್ಸ್ ಆಡುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಮಗಳು ಹುಟ್ಟಿದ ಮೇಲೆ ಮತ್ತೆ ಕೋರ್ಟಿಗೆ ಬಂದಳು. ಬಸುರಿನಲ್ಲಿ ಹೊಟ್ಟೆಯ ನಡುವಿನ ಸ್ನಾಯು ಬಿರಿದು ದೂರವಾಗಿರುತ್ತದಂತೆ, ಅದು ಆಗ ಯಾರಿಗೆ ಗೊತ್ತಿತ್ತು? ಕಂಡವರೆಲ್ಲ ಬಿಗಿಯಾಗಿ ಕಟ್ಟಿಕೋ ಅಂದರು. ಅಗಲದ ಪಟ್ಟಿ ಬಿಗಿದುಕೊಂಡು ಒಂದು ಋತುವಿಡೀ ಆಡಿದಳು. ಕೊನೆಗೆ ಒಂದು ಪಂದ್ಯದ ನಡುವೆ ಬೆನ್ನು ಹಿಡಿದು ಕೂತವಳು ಏಳಲೇ ಇಲ್ಲ. ನಮ್ಮಣ್ಣನೂ ಅಂಪೈರೂ ಸೇರಿ ಎತ್ತಿಕೊಂಡು ಹೋದರು. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹೆಂಗಸು ಪಟ್ಟಿ ಬಿಚ್ಚಿ ಎಸೆದು, ಹೊಟ್ಟೆಯ ಮೇಲೆ ಕೈಯಿಟ್ಟು, ಬಿಡಿ ಅಂದಳಂತೆ. ಅತ್ತಿಗೆಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಬೆನ್ನು ನೆಟ್ಟಗಾಗುವ ಹೊತ್ತಿಗೆ ಅವಳ ಜೋಡಿ ಆಟಗಾರ್ತಿಗೆ ಬೇರೆ ಜೋಡಿ ಸಿಕ್ಕಿತ್ತು. ಆ ಸಂಕಟ ಅವಳಿಗೆ ಇವತ್ತಿಗೂ ಇದೆ. ಅದಕ್ಕೇ ಈ ತರಗತಿ ಅವಳಿಗೆ ಬರೀ ಕೆಲಸವಲ್ಲ.

ಅದಕ್ಕೇ ಕ್ಲಬ್ಬಿನ ಕಾರ್ಯದರ್ಶಿಗಳು ಹೋದ ವರ್ಷ ಅದರ ಬುಡಕ್ಕೆ ಕೈ ಹಾಕಿದಾಗ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ. ನಮ್ಮ ಕಾರ್ಯದರ್ಶಿಗಳಿಗೆ ಒಬ್ಬ ಭಾವಮೈದ. ಅವನಿಗೊಂದು ಜಿಮ್ಮು, ಎರಡು ತೋಳು. ಆ ತೋಳುಗಳನ್ನು ಜನ ನೋಡಲಿ ಎಂದು ಚಳಿಗಾಲದಲ್ಲೂ ತೋಳಿಲ್ಲದ ಬನಿಯನ್ನೇ ತೊಡುತ್ತಾನೆ. ಹುಡುಗಿಯರ ಸಮಯವನ್ನು ಅವನಿಗೆ ಕೊಡುವುದೆಂದು ಸಮಿತಿಯಲ್ಲಿ ಮಾತಾಯಿತು. ಹೊಟ್ಟೆಯಿರುವ ಹೆಂಗಸು ಹೊಟ್ಟೆಯ ಪಾಠ ಮಾಡಿದರೆ ಜನ ಏನಂದಾರು ಎಂಬುದು ಕಾರ್ಯದರ್ಶಿಗಳ ಕಾಳಜಿ. ಅವರ ಹೊಟ್ಟೆ ಅವರಿಗಿಂತ ಮೊದಲು ಸಭೆಯ ಬಾಗಿಲು ದಾಟುತ್ತದೆ, ಆ ಮಾತು ಬೇರೆ. ಅತ್ತಿಗೆ ಟೊಂಕ ಕಟ್ಟಿ ನಿಂತಳು. ಕೊನೆಗೆ ಒಂದು ರಾಜಿಯಾಯಿತು. ಆ ಸಲದ ಆಯ್ಕೆ ಪಂದ್ಯಗಳಲ್ಲಿ ಅತ್ತಿಗೆಯ ಹುಡುಗಿಯರಲ್ಲಿ ಒಬ್ಬಳಾದರೂ ಜಿಲ್ಲಾ ತಂಡಕ್ಕೆ ಬಂದರೆ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ತೋಳಿನವನು ಬರುತ್ತಾನೆ.

ತಂಡಕ್ಕೆ ಬರಬಹುದಾಗಿದ್ದವಳು ಒಬ್ಬಳೇ, ಸೂಜಿ. ಸಣ್ಣಗೆ ಉದ್ದಕ್ಕೆ ಇದ್ದಳು, ತಾಯಿ ಹೊಲಿಗೆಯವಳು, ಹೀಗಾಗಿ ಆ ಹೆಸರು. ತಾಯಿಯದು ಬಸ್ ನಿಲ್ದಾಣದ ಎದುರು ಮೆಟ್ಟಿಲ ಕೆಳಗಿನ ಅಂಗಡಿ. ಒಂದು ಯಂತ್ರ, ಒಂದು ಕನ್ನಡಿ, ಒಂದು ಪರದೆ. ಆಕೆ ಹೊಲಿದ ಬಟ್ಟೆ ಮೈಮೇಲೆ ಕೂರುವ ಚಂದವೇ ಬೇರೆ ಎಂದು ನಮ್ಮ ಮನೆಯ ಹೆಂಗಸರೂ ಹೇಳುತ್ತಾರೆ. ಮಗಳ ಪಂದ್ಯದ ಸ್ಕರ್ಟುಗಳನ್ನೆಲ್ಲ ತಾನೇ ಹೊಲಿದಿದ್ದಳು. ನೀಲಿ ಬಟ್ಟೆ, ಬಿಳಿ ಅಂಚು, ಸೊಂಟದಲ್ಲಿ ಅಳತೆಗೆ ಸರಿಯಾಗಿ ಕೂತ ಪಟ್ಟಿ. ಬೇರೆ ಹುಡುಗಿಯರ ತಾಯಂದಿರು ಅದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಸೂಜಿಯ ಆಟಕ್ಕೆ ಒಂದೇ ಕಾಯಿಲೆ. ಎರಡು ಗೇಮ್ ಬೆಂಕಿಯಂತೆ ಆಡುತ್ತಿದ್ದಳು. ಸ್ಕೋರು ಸಮನಾಗಿ ಮೂರನೆಯದಕ್ಕೆ ಹೋಯಿತೆಂದರೆ ಮುಗಿಯಿತು. ಬೆನ್ನು ಹಿಡಿಯುತ್ತಿತ್ತು, ಸ್ಮ್ಯಾಷು ಬಲೆಗೆ ಬೀಳುತ್ತಿತ್ತು, ಹುಡುಗಿ ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿದ್ದಳು. ವಿಚಿತ್ರವೆಂದರೆ ತರಗತಿಯಲ್ಲಿ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ಹಳೇ ದೊಗಳೆ ಪ್ಯಾಂಟು ತೊಟ್ಟು ಎಲ್ಲರಿಗಿಂತ ಹೆಚ್ಚು ಹೊತ್ತು ಪ್ಲ್ಯಾಂಕ್ ಹಿಡಿದು, ಎಲ್ಲರಿಗಿಂತ ಹೆಚ್ಚು ಚಾಡಿ ಹೇಳುತ್ತಿದ್ದಳು. ಅತ್ತಿಗೆಗೆ ತಲೆಬುಡ ತಿಳಿಯಲಿಲ್ಲ. ತನ್ನ ಪಾಠದಲ್ಲೇ ಏನೋ ಕೊರತೆ ಎಂದು ಜಿರಳೆ ಹೆಚ್ಚಿಸಿದಳು, ಚೆಂಡಿನ ತೂಕ ಹೆಚ್ಚಿಸಿದಳು. ಗೋಡೆಯ ಸುಣ್ಣ ಪೂರ್ತಿ ಉದುರಿತು. ಸೂಜಿಯ ಮೂರನೇ ಗೇಮ್ ಮಾತ್ರ ಇದ್ದಲ್ಲೇ ಇತ್ತು.

ಹೀಗೆ ಆಯ್ಕೆ ಪಂದ್ಯಗಳ ದಿನ ಬಂತು. ಬಂದದ್ದು ನಮ್ಮದೇ ಕ್ಲಬ್ಬಿಗೆ. ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ, ಪಕ್ಕದಲ್ಲಿ ಭಾವಮೈದ, ಅವನ ಪಕ್ಕದಲ್ಲಿ ತೋಳುಗಳು. ಸೂಜಿಯ ತಾಯಿ ಗ್ಯಾಲರಿಯ ಕೆಳಗಿನ ಮೆಟ್ಟಿಲಲ್ಲಿ ಕೈಚೀಲ ತಬ್ಬಿ ಕೂತಿದ್ದಳು. ಈ ಪಂದ್ಯ ಗೆದ್ದವಳಿಗೆ ತಂಡದಲ್ಲಿ ಜಾಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಸೂಜಿ ಮೊದಲ ಗೇಮ್ ಗೆದ್ದಳು. ಎರಡನೆಯದು ಕೂದಲೆಳೆಯಲ್ಲಿ ಹೋಯಿತು. ಕೊನೆಯ ಪಾಯಿಂಟಿನಲ್ಲೇ ಅವಳ ಕೈ ಬೆನ್ನಿಗೆ ಹೋದದ್ದನ್ನು ನಾನು ನೋಡಿದೆ. ತರಗತಿ ಹೋದರೆ ಅತ್ತಿಗೆ ಮನೆಯಲ್ಲಿ ಹೇಗಿರುತ್ತಾಳೆ ಎಂದು ನೆನೆಸಿಕೊಳ್ಳುವುದೂ ನನಗೆ ಬೇಡವಾಗಿತ್ತು.

ಗೇಮುಗಳ ನಡುವೆ ಎರಡು ನಿಮಿಷ ಬಿಡುವು. ತರಬೇತಿದಾರರು ಆಟಗಾರ್ತಿಯ ಬಳಿ ಹೋಗಬಹುದು, ಆಟಗಾರ್ತಿ ಹೊರಗೆ ಹೋಗಿ ಬರುವಷ್ಟು ಹೊತ್ತಿರುವುದಿಲ್ಲ. ನಾನು ನೀರಿನ ಬಾಟಲಿ ಹಿಡಿದು ಅತ್ತಿಗೆಯ ಹಿಂದೆ ಹೋದೆ. ಅತ್ತಿಗೆ ಬುದ್ಧಿಮಾತು ಹೇಳಲಿಲ್ಲ, ಬೈಯಲೂ ಇಲ್ಲ. ಅಭ್ಯಾಸಬಲದಿಂದ ಹುಡುಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕೈ ದೂಡು ಅಂದಳು. ಸೂಜಿ ಉಸಿರೆಳೆದಳು. ಭುಜ ಮೇಲೆ ಹೋಯಿತು, ಎದೆ ಮೇಲೆ ಹೋಯಿತು, ಅತ್ತಿಗೆಯ ಕೈ ಇದ್ದಲ್ಲೇ ಇತ್ತು. ಅತ್ತಿಗೆ ಸೊಂಟದ ಪಟ್ಟಿಯೊಳಗೆ ಬೆರಳು ತೂರಿಸಲು ನೋಡಿದಳು. ಕಿರುಬೆರಳೂ ಹೋಗಲಿಲ್ಲ.

“ದಿನಾ ಇದನ್ನೇ ಹಾಕ್ಕೊಂಡು ಆಡೋದಾ?”

“ಪಂದ್ಯಕ್ಕೆ ಮಾತ್ರ. ಹೊಟ್ಟೆ ಎಳ್ಕೊಂಡ್ರೆ ಸರಿಯಾಗುತ್ತೆ ಮೇಡಂ.”

ಅತ್ತಿಗೆ ಗ್ಯಾಲರಿಯ ಕಡೆ ತಿರುಗಿ ಕೈಬೀಸಿ ಕರೆದಳು. ತಾಯಿ ಮಗಳಿಗೆ ಏನೋ ಆಯಿತೆಂದು ಓಡಿಬಂದಳು. ಅಂಪೈರು ಹುಬ್ಬೇರಿಸಿದ, ಗಡಿಯಾರ ನೋಡಿಕೊಂಡ, ತಡೆಯಲಿಲ್ಲ. ಪಟ್ಟಿ ಸಡಿಲ ಮಾಡಬೇಕು, ಇಲ್ಲದಿದ್ದರೆ ಈ ಹುಡುಗಿಗೆ ಉಸಿರಿಲ್ಲ ಎಂದು ಅತ್ತಿಗೆ ಕಡ್ಡಿ ಮುರಿದಂತೆ ಹೇಳಿದಳು. ತಾಯಿಯ ಮುಖ ಕೆಂಪಾಯಿತು. ತಾನು ಹೊಲಿದ ಬಟ್ಟೆಗೆ ಇವತ್ತಿನವರೆಗೆ ಯಾರೂ ಕೊಂಕು ಹೇಳಿಲ್ಲ, ಅಳತೆ ತಪ್ಪುವ ಕೈ ತನ್ನದಲ್ಲ ಅಂದಳು. ಆಮೇಲೆ ಅವಳೇ ಮಗಳ ಸೊಂಟಕ್ಕೆ ಕೈ ಹಾಕಿ ನೋಡಿದಳು, ಅವಳ ಬೆರಳೂ ಒಳಗೆ ಹೋಗಲಿಲ್ಲ.

ಟೇಪು ಸುತ್ತಿದ ಕೂಡಲೇ ಹೆಂಗಸರು ಹೊಟ್ಟೆ ಎಳೆದುಕೊಳ್ಳುತ್ತಾರೆ ಎಂಬುದು ಹೊಲಿಗೆಯವರಿಗೆಲ್ಲ ಗೊತ್ತಿರುವ ಗುಟ್ಟು. ಅದಕ್ಕೇ ಆಕೆ ಪ್ರತಿ ಗಿರಾಕಿಯ ಅಳತೆಗೂ ತಾನಾಗಿಯೇ ಎರಡು ಬೆರಳು ಸೇರಿಸಿ ಕತ್ತರಿಸುತ್ತಿದ್ದಳು. ಮೈಮೇಲೆ ಚೆನ್ನಾಗಿ ಕೂರುವುದರ ಗುಟ್ಟೂ ಅದೇ. ಮಗಳನ್ನು ಅಳೆಯುವಾಗ ಮಾತ್ರ ಹೊಟ್ಟೆ ಎಳ್ಕೋ ಎಂದು ತಾನೇ ಹೇಳಿ, ಎಳೆದುಕೊಂಡ ಹೊಟ್ಟೆಗೇ ಹೊಲಿದಿದ್ದಳು. ಅಷ್ಟು ಜನರ ಎದುರು ಆಡುವ ಹುಡುಗಿ, ಯಾರೂ ಒಂದು ಮಾತು ಆಡಬಾರದು ಎಂದು.

“ಊರ ಹೆಂಗಸರಿಗೆಲ್ಲ ಎರಡು ಬೆರಳು ಬಿಡ್ತೀನಿ” ಅಂದಳು ತಾಯಿ. “ನನ್ನ ಮಗಳಿಗೇ ಬಿಡ್ಲಿಲ್ಲ ನೋಡಿ.”

ಅಷ್ಟು ಹೇಳಿ ಕೈಚೀಲದಿಂದ ಸಣ್ಣ ಕತ್ತರಿ ತೆಗೆದಳು. ಅತ್ತಿಗೆ ದೊಡ್ಡ ಟವೆಲು ಮರೆ ಹಿಡಿದಳು. ನಾನು ಬೆನ್ನು ತಿರುಗಿಸಿ ನಿಂತೆ, ಹೀಗಾಗಿ ಮುಂದಿನದು ಕೇಳಿದ್ದಷ್ಟೇ ಗೊತ್ತು. ಕತ್ತರಿಯ ಟಿಕ್ ಟಿಕ್, ದಾರ ಹರಿಯುವ ಸದ್ದು. ಬೆಳೆಯುವ ಹುಡುಗಿಯೆಂದು ಹೊಲಿಗೆಯ ಒಳಗೆ ಬಟ್ಟೆ ಮಡಿಸಿಟ್ಟಿದ್ದಳಂತೆ, ಕಸುಬಿನ ಅಭ್ಯಾಸ ಎಲ್ಲಿ ಹೋಗುತ್ತದೆ. ಅದು ಈಗ ಹೊರಗೆ ಬಂತು. ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, ಉಸಿರಾಡು, ಇನ್ನೂ, ಇನ್ನೂ ಅನ್ನುತ್ತಿದ್ದಳು. ಅಂಪೈರು ಕರೆಯುವ ಹೊತ್ತಿಗೆ ಸರಿಯಾಗಿ ಟವೆಲು ಇಳಿಯಿತು.

ಸೂಜಿಯ ಸ್ಕರ್ಟಿನ ಒಂದು ಪಕ್ಕ ಬಣ್ಣ ಮಾಸದ ಕಡುನೀಲಿ ಪಟ್ಟೆ, ಎರಡು ಪಿನ್ನು. ನೋಡಲು ಚೆನ್ನಾಗಿತ್ತೇ ಎಂದರೆ ಇರಲಿಲ್ಲ. ಆದರೆ ಆ ಮೂರನೇ ಗೇಮ್ ಇದೆಯಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ. ಮೊದಲ ಕೆಲವು ಪಾಯಿಂಟು ಹುಡುಗಿ ತಡವರಿಸಿದಳು. ಹಿಡಿದಿಟ್ಟ ಹೊಟ್ಟೆಯನ್ನು ಕೂಡಲೇ ಬಿಡಲು ಬರುತ್ತದೆಯೇ? “ಮಾತಾಡು” ಎಂದು ಅತ್ತಿಗೆ ಬದಿಯಿಂದ ಕೂಗಿದಳು. ಸೂಜಿ ಎದುರಾಳಿಗೆ ಕೇಳಿಸದಂತೆ ತನ್ನಷ್ಟಕ್ಕೇ ಏನೋ ಗೊಣಗುತ್ತ ಆಡತೊಡಗಿದಳು. ಅರ್ಧ ದಾಟಿ ಬದಿ ಬದಲಿಸುವಾಗ ಅವಳ ಕೈ ಬೆನ್ನಿಗೆ ಹೋಗಲಿಲ್ಲ. ಕೊನೆಯ ಸ್ಮ್ಯಾಷಿಗೆ ಹಿಂದಿನ ಮೂಲೆಯಿಂದ ಎಗರಿದಾಗ ಪಿನ್ನೊಂದು ಸಿಡಿದು ಎಲ್ಲೋ ಹೋಯಿತು, ಷಟಲ್ ಎದುರಾಳಿಯ ಕಾಲ ಬಳಿ ಬಿತ್ತು. ನಾನು ಕುಣಿದೆನೆಂದು ಜನ ಹೇಳುತ್ತಾರೆ. ಕುಣಿದೆ, ಅದರಲ್ಲೇನಿದೆ. ಏನು ಗೊಣಗುತ್ತಿದ್ದೆ ಎಂದು ಆಮೇಲೆ ಸೂಜಿಯನ್ನು ಕೇಳಿದ್ದಕ್ಕೆ, ಭಾವಮೈದನ ಬನಿಯನ್ನಿನ ಬಗ್ಗೆ ಅಂದಳು.

ಸೂಜಿ ತಂಡಕ್ಕೆ ಬಂದಳು, ತರಗತಿ ಉಳಿಯಿತು. ತಾವು ಮೊದಲಿನಿಂದಲೂ ಹೊಟ್ಟೆಯ ಪಕ್ಷವೇ ಎಂದು ಕಾರ್ಯದರ್ಶಿಗಳು ಎಲ್ಲರಿಗೂ ಹೇಳಿಕೊಂಡು ಬಂದರು. ಒಂದು ಮಟ್ಟಿಗೆ ನಿಜವೇ.

ಆದರೆ ಅತ್ತಿಗೆಯ ಬಗ್ಗೆ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಆ ಗೆಲುವಿನಿಂದಲ್ಲ. ಒಂದೆರಡು ವಾರದ ಮೇಲೆ ಸಂಜೆ, ಹುಡುಗಿಯರೆಲ್ಲ ಹೋದ ಮೇಲೆ, ಸೂಜಿಯ ತಾಯಿ ಬಾಗಿಲಲ್ಲಿ ನಿಂತಿದ್ದಳು. ಮಗಳು ಮೊದಲೇ ಮನೆಗೆ ಹೋಗಿದ್ದಳು. ಯಂತ್ರದ ಮುಂದೆ ಬಗ್ಗಿ ಕೂತು ಕೂತು ಬೆನ್ನು ಬಿದ್ದುಹೋಗಿದೆ, ಆಟಗಾರ್ತಿಯರಲ್ಲದವರಿಗೂ ಹೇಳಿಕೊಡುತ್ತೀರಾ ಎಂದು ಕೇಳಿದಳು. ಅತ್ತಿಗೆ ಸುತ್ತಿಟ್ಟ ಚಾಪೆಯನ್ನು ಮತ್ತೆ ಬಿಚ್ಚಿದಳು. ನಾನು ರ‍್ಯಾಕೆಟ್ಟಿನ ಮೇಲೆ ಕಣ್ಣಿಟ್ಟು ಕೂತೆ.

ತಾಯಿ ಮಲಗಿದಳು. ಅತ್ತಿಗೆ ಅಂಗೈ ಇಟ್ಟು, ಬಿಡಿ ಅಂದಳು. ಎರಡು ಮೂರು ಸಲ ಉಸಿರೆಳೆಯುವ ಸದ್ದು ಕೇಳಿತು.

“ಬಿಡೋದು ಹೇಗೆ ಅಂತಾನೇ ಗೊತ್ತಾಗ್ತಿಲ್ಲ ಮೇಡಂ” ಅಂದಳು ಕೊನೆಗೆ. “ಯಾವಾಗಿಂದ ಹಿಡ್ಕೊಂಡಿದೀನೋ ಅದೂ ನೆನಪಿಲ್ಲ.”

“ಅವಸರ ಇಲ್ಲ” ಅಂದಳು ಅತ್ತಿಗೆ. “ನಾನೂ ಅತ್ತಿದ್ದೆ. ಇಲ್ಲಿ ಯಾರೂ ನೋಡೋರಿಲ್ಲ.”

ಯಾರೂ ಇಲ್ಲ ಅಂದರೆ ನಾನೂ ಲೆಕ್ಕಕ್ಕಿಲ್ಲ ಎಂದಾಯಿತು. ಬೇರೆ ದಿನವಾಗಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಅವತ್ತು ತಂತಿ ಬಿಗಿಯುತ್ತಲೇ ಇದ್ದೆ. ಒಂದೇ ಒಂದು ಸಲ ತಲೆಯೆತ್ತಿದೆ. ತಾಯಿಯ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಮತ್ತು ಅತ್ತಿಗೆಯ ಕೈ ನಿಧಾನವಾಗಿ ಮೇಲೆ ಏಳುತ್ತಿತ್ತು.