ಎರಡು ಸೂತ ಕಡಿಮೆ

ಗೆಳೆಯರೇ, ಇವತ್ತು ನಮ್ಮ ಮನೆಯ ಒಲೆ ಆರಲು ಕಾರಣ ಒಂದು ಅಳತೆ ಟೇಪು.

ಅಡುಗೆಮನೆಯ ಗೋಡೆಯ ಗೂಡಿಗೆ ಹಲಗೆ ಕೂಡಿಸಬೇಕಿತ್ತು. ಮಿಲ್ಲಿಗೆ ರಜೆಯಿದ್ದ ನಮ್ಮ ಮನೆಯವರು, ಹುಬ್ಬಳ್ಳಿಯಿಂದ ತಂದ ಹೊಸ ಟೇಪು ಓದುವುದನ್ನು ನನಗೆ ಕಲಿಸಿದರು. "ಒಂದು ಇಂಚಿನಾಗ ಎಂಟು ಸಣ್ಣ ಭಾಗ ಅದಾವು. ಒಂದೊಂದಕ್ಕ ಒಂದು ಸೂತ ಅಂತಾರ." ದಾಂಡೇಲಿಯ ಬಡಿಗರ ಲೆಕ್ಕವೇ ಹಾಗಂತೆ. ಅವರು ಪಡಸಾಲೆಯಲ್ಲಿ ಸಾಗವಾನಿ ಹಲಗೆ ಕೊಯ್ದುಕೊಟ್ಟರು. ನಾನು ಗೂಡಿನಲ್ಲಿಟ್ಟು ನೋಡಿದರೆ ಸಂದು ಉಳಿಯಿತು. ಅಳೆದು, ಹೊಸದಾಗಿ ಕಲಿತ ಜಂಬದಲ್ಲಿ ಪಡಸಾಲೆಗೆ ಕೇಳುವಂತೆ ಕೂಗಿದೆ: "ಎರಡು ಸೂತ ಕಡಿಮಿ ಆತ್ರೀ."

ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ಕಿವಿ ಸ್ವಲ್ಪ ಮಂದ. ಅವರಿಗೆ ಕೇಳಿಸಿದ್ದು "ಎರಡು ಸೂತಕ". ಸತ್ತ ಸುದ್ದಿ ಬಂದ ಮೇಲೆ ಒಲೆ ಉರಿಯಬಾರದೆಂದು ತಂಬಿಗೆ ನೀರು ಸುರಿದು, ಹಿಟ್ಟಿನ ಕೈಯಲ್ಲೇ ಒಳಗೆ ಬಂದರು. "ಮುಂಡಗೋಡದಿಂದ ಸುದ್ದಿ ಬಂತೇನ? ನಮ್ಮ ಅಕ್ಕ ಹೋದಳೇನ? ಇನ್ನೊಬ್ರು ಯಾರವ್ವಾ?"

ನಾನು ಟೇಪು ತೋರಿಸಿ, ಸೂತ ಎಂದರೇನೆಂದು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ಅವರ ಮಗನಿಗೆ ಮಾತ್ರ ಹಲಗೆಯದೇ ಚಿಂತೆ. "ಛಲೋ ಸಾಗವಾನಿ ಇತ್ತು, ಗಿಡ್ಡ ಆತಲ್ಲ" ಎಂದು ಒಂದೇ ಸಮನೆ ಹಲುಬಿದರು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮತ್ತೆ ಒಲೆ ಹೊತ್ತಿಸಲು ಹಿತ್ತಲಿಗೆ ಹೊರಟರು. "ಹಲಗಿ ಗಿಡ್ಡಾದರ ಆಗಲಿ ಬಿಡೋ. ಮಂದಿ ಪೂರಾ ಅದಾರಲ್ಲ."